ಮೊನ್‌ಫ್ರಾಗ್ವೆ ಬೆಟ್ಟದಲ್ಲಿ ನಮ್ಮ ಡಾಕ್ಟರ್ ಭಾವ

ಶುಕ್ರವಾರ

ಮ್ಯಾಡ್ರಿಡ್‌ನಿಂದ ಮೊನ್‌ಫ್ರಾಗ್ವೆ ಬೆಟ್ಟದ ಹತ್ತಿರದ ತ್ರುಹೀಯೊ ಊರಿಗೆ ಸುಮಾರು 250 ಕಿಲೋಮೀಟರ್. ಎ-5 ಹೆದ್ದಾರಿ ಹಿಡಿದರೆ ಎರಡೂವರೆ ಗಂಟೆಯ ದಾರಿ. ಅರ್ಧ ದಾರಿವರೆಗೂ ನೋಡುವಂಥದ್ದು ಏನಿಲ್ಲ. ತಲವೇರಾ ಊರು ದಾಟಿದ ಮೇಲೆ ಬಲಗಡೆ ಗ್ರೇದೋಸ್ ಬೆಟ್ಟಸಾಲು ಶುರುವಾಗುತ್ತದೆ. ಏಪ್ರಿಲ್ ಅರ್ಧ ಕಳೆದಿದ್ದರೂ ನೆತ್ತಿಯ ಮೇಲೆ ಹಿಮ ಇತ್ತು.

ಊರಿನಿಂದ ಅಕ್ಕ, ಭಾವ ಬಂದಿದ್ದರು. ಸ್ಪೇನಲ್ಲಿ ಏನೇನು ನೋಡಬೇಕು ಅಂತ ಮೊದಲೇ ಫೋನಲ್ಲಿ ಕೇಳಿದ್ದೆ. ಅಕ್ಕ ಬಾರ್ಸಿಲೋನಾ ಅಂದಳು. ಭಾವ ರಣಹದ್ದು ಅಂದರು.

ಭಾವ ಪಶುವೈದ್ಯರು. ಮಾಗಡಿ, ಕುಣಿಗಲ್ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹಕ್ಕಿ ಹುಚ್ಚು ಮೊದಲಿನಿಂದಲೂ ಇದೆ. ಹಳ್ಳಿ ಮೇಲೆ ಹೋಗುವಾಗ ಬೈಕಿನ ಬ್ಯಾಗಲ್ಲಿ ಸಿರಿಂಜು, ಔಷಧಿ ಜೊತೆ ಬೈನಾಕ್ಯುಲರ್ ಕೂಡ ಇರುತ್ತಿತ್ತು. "ನಾನು ಕೆಲಸಕ್ಕೆ ಸೇರಿದಾಗ ದನ ಎಲ್ಲಿ ಸತ್ತಿದೆ ಅಂತ ಯಾರನ್ನೂ ಕೇಳಬೇಕಿರಲಿಲ್ಲ ಕಣಯ್ಯ. ತಲೆ ಎತ್ತಿ ಆಕಾಶ ನೋಡಿದ್ರೆ ಗೊತ್ತಾಗೋದು" ಅಂದರು ಕಾರಲ್ಲಿ. ಈಗ ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ರಣಹದ್ದುಗಳು ಉಳಿದಿವೆ. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಅಂತ ಘೋಷಿಸಿದ ಮೇಲೆ ಭಾವ ಎಷ್ಟೋ ಭಾನುವಾರ ಅಲ್ಲಿ ಹೋಗಿ ಕೂತಿದ್ದಾರೆ. ಬಹಳಷ್ಟು ಸಲ ಬರಿಗೈಲಿ ವಾಪಸ್ ಬಂದಿದ್ದಾರೆ.

ಸ್ಪೇನಲ್ಲಿ ಲೆಕ್ಕವೇ ಬೇರೆ. 2018ರ ಗಣತಿ ಪ್ರಕಾರ ಇಲ್ಲಿ ಗ್ರಿಫನ್ ರಣಹದ್ದುಗಳೇ ಸುಮಾರು 30 ಸಾವಿರ ಜೋಡಿ. ಇಡೀ ಯುರೋಪಿನಲ್ಲಿ ಇರುವ ಗ್ರಿಫನ್‌ಗಳಲ್ಲಿ ನೂರಕ್ಕೆ ತೊಂಬತ್ತು ಈ ಒಂದು ದೇಶದಲ್ಲೇ ಇವೆ. ಅದರಲ್ಲೂ ಪೋರ್ಚುಗಲ್ ಗಡಿಗೆ ಅಂಟಿಕೊಂಡ ಎಕ್ಸ್ಟ್ರೆಮದೂರಾ ಪ್ರಾಂತ್ಯ ಹಕ್ಕಿ ನೋಡುವವರ ತವರುಮನೆ. ಇಂಗ್ಲೆಂಡ್, ಹಾಲೆಂಡ್‌ಗಳಿಂದ ಜನ ವಿಮಾನ ಹತ್ತಿ ಬಂದು, ಬಾಡಿಗೆ ಕಾರು ತಗೊಂಡು ವಾರಗಟ್ಟಲೆ ಸುತ್ತುತ್ತಾರೆ.

ಸಂಜೆ ಆರರ ಹೊತ್ತಿಗೆ ತ್ರುಹೀಯೊ ಸೇರಿದೆವು. ಪೆರುವಿನ ಇಂಕಾ ಸಾಮ್ರಾಜ್ಯ ಕೆಡವಿದ ಪಿಸಾರೊ ಹುಟ್ಟಿದ ಊರು ಇದು. ಚೌಕದಲ್ಲಿ ಕುದುರೆ ಏರಿದ ಅವನ ಕಂಚಿನ ಪ್ರತಿಮೆ ಇದೆ. ನಾವು ಅದನ್ನು ಸರಿಯಾಗಿ ನೋಡಲೇ ಇಲ್ಲ. ಸುತ್ತಲಿನ ಗೋಪುರಗಳ ಮೇಲೆಲ್ಲ ಬಿಳಿ ಕೊಕ್ಕರೆಗಳು ಗೂಡು ಕಟ್ಟಿದ್ದವು. ಕೊಕ್ಕರೆ ಬೆಳ್ಳೂರಲ್ಲಿ ಹುಣಸೆಮರ, ಇಲ್ಲಿ ಚರ್ಚಿನ ಗಂಟೆಗೋಪುರ. ಈ ಕೊಕ್ಕರೆಗಳಿಗೆ ಹೇಳಿಕೊಳ್ಳುವಂಥ ಕೂಗಿಲ್ಲ. ಗಂಡು ಗೂಡಿಗೆ ಇಳಿದರೆ ಎರಡೂ ಕತ್ತು ಹಿಂದಕ್ಕೆ ಬಾಗಿಸಿ ಕೊಕ್ಕು ಕಟಕಟ ಬಡಿಯುತ್ತವೆ. ಒಂದು ಗೂಡಲ್ಲಿ ಶುರುವಾದರೆ ಪಕ್ಕದ ಗೂಡಲ್ಲೂ ಶುರು. ಮೊದಲೆಲ್ಲ ಇವು ಚಳಿಗಾಲಕ್ಕೆ ಆಫ್ರಿಕಾಗೆ ಹೋಗಿಬಿಡುತ್ತಿದ್ದವು. ಈಗ ಎಷ್ಟೋ ಹಕ್ಕಿಗಳು ಊರಾಚೆಯ ಕಸದ ರಾಶಿಯಲ್ಲೇ ಹೊಟ್ಟೆ ಹೊರೆದುಕೊಂಡು ಇಲ್ಲೇ ಉಳಿದುಬಿಡುತ್ತವೆ.

ಬುಲ್‌ಫೈಟ್ ಅಖಾಡದ ಹತ್ತಿರ ಹೋದರೆ ಅದರ ಹಂಚಿನ ಸಂದುಗಳಲ್ಲಿ ಲೆಸ್ಸರ್ ಕೆಸ್ಟ್ರೆಲ್‌ಗಳು, ಅಂದರೆ ಪುಟ್ಟ ಚಾಣಗಳು, ಸಂಸಾರ ಹೂಡಿದ್ದವು. ಈ ಹಕ್ಕಿಗಳಿಗೋಸ್ಕರವೇ ಊರಿನ ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದ್ದಾರೆ. ಹಂಚು ಬದಲಾಯಿಸುವ ಮುಂಚೆ ಹಕ್ಕಿಯ ಗತಿ ಏನು ಅಂತ ಯೋಚಿಸಬೇಕು. ನನಗೆ ಬುಲ್‌ಫೈಟ್ ಕಂಡರೆ ಆಗುವುದಿಲ್ಲ. ಆ ಕಟ್ಟಡದಿಂದ ಇಷ್ಟಾದರೂ ಉಪಯೋಗ ಆಗಲಿ.

ಶನಿವಾರ

ಸ್ಪೇನಿನ ಗಡಿಯಾರ ಸೂರ್ಯನನ್ನು ಬಿಟ್ಟು ಮುಂದೆ ಓಡುತ್ತದೆ. ಏಪ್ರಿಲ್ ಮಧ್ಯದಲ್ಲಿ ಬೆಳಕು ಹರಿಯುವುದೇ ಏಳೂವರೆ ಮೇಲೆ. ಹಕ್ಕಿ ನೋಡೋಕೆ ನಾಲ್ಕಕ್ಕೇ ಏಳಬೇಕು ಅನ್ನುವ ಕಾಟ ಇಲ್ಲ. ಅಕ್ಕ ಆದರೂ ಆರಕ್ಕೇ ಎದ್ದು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದ್ದಳು. ನಮ್ಮ ಮನೆಯಲ್ಲಿ ಶನಿವಾರ ಮಾಂಸ ಮುಟ್ಟುವುದಿಲ್ಲ. ಈ ಪ್ರಾಂತ್ಯದಲ್ಲೋ, ಹಂದಿ ತೊಡೆ ನೇತುಹಾಕದ ಹೋಟೆಲೇ ಇಲ್ಲ. ಒಮ್ಮೆ ತರಕಾರಿ ಸ್ಯಾಂಡ್‌ವಿಚ್ ಕೇಳಿದ್ದಕ್ಕೆ ಒಳಗೆ ಟ್ಯೂನಾ ಮೀನು ತುಂಬಿ ಕೊಟ್ಟಿದ್ದರು.

ಇಎಕ್ಸ್-208 ರಸ್ತೆ ಹಿಡಿದು ಉತ್ತರಕ್ಕೆ ಹೊರಟೆವು. ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನ ಐವತ್ತು ಕಿಲೋಮೀಟರ್ ಆಸುಪಾಸು. ಆದರೆ ಆ ದಾರಿಯನ್ನು ಒಂದೇ ಓಟದಲ್ಲಿ ಮುಗಿಸುವ ಹಾಗಿಲ್ಲ. ಎರಡೂ ಕಡೆ ದೆಏಸಾ. ಕಾಡೂ ಅಲ್ಲ, ತೋಟವೂ ಅಲ್ಲ. ದೂರದೂರಕ್ಕೆ ನಿಂತ ಓಕ್ ಮರಗಳು, ಕೆಳಗೆ ಹುಲ್ಲು, ಹುಲ್ಲಲ್ಲಿ ದನ, ಕುರಿ, ಕಪ್ಪು ಹಂದಿ. ಓಕ್ ಕಾಯಿ ಉದುರುವ ಕಾಲಕ್ಕೆ, ಅಕ್ಟೋಬರ್‌ನಿಂದ ಫೆಬ್ರುವರಿ ತನಕ, ಹಂದಿಗಳು ಅದನ್ನೇ ತಿಂದು ಕೊಬ್ಬುತ್ತವೆ. ಕೆಲವು ಮರಗಳ ಬೊಡ್ಡೆ ಚರ್ಮ ಸುಲಿದ ಹಾಗೆ ಕೆಂಪಗಿತ್ತು. ಅವು ಬಿರಡೆ ಮರ. ಬಾಟಲಿ ಬಿರಡೆಗೆ ತೊಗಟೆ ತೆಗೆದು ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆದಿರುತ್ತಾರೆ. ಸುಲಿದ ಇಸವಿಯ ಕೊನೆಯ ಅಂಕಿ ಅದು. ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯಬೇಕು.

ಕಾರಿನಿಂದ ಹಕ್ಕಿ ನೋಡುವುದಕ್ಕೆ ಒಂದು ಉಪಾಯ ಇದೆ. ಇಂಜಿನ್ ಆಫ್ ಮಾಡಬೇಕು, ಕಿಟಕಿ ಇಳಿಸಬೇಕು, ಬಾಗಿಲು ತೆಗೆಯಬಾರದು. ಕಾರು ನಿಂತರೆ ಹಕ್ಕಿ ಹೆದರುವುದಿಲ್ಲ. ಕಾರಿನಿಂದ ಎರಡು ಕಾಲು ಕೆಳಗಿಳಿದರೆ ಹಾರಿಹೋಗುತ್ತದೆ. ಬೇಲಿ ತಂತಿಯ ಮೇಲೆ ಕಳ್ಳಿಪೀರಗಳು ಕೂತಿದ್ದವು, ಆಫ್ರಿಕಾದಿಂದ ಆಗಷ್ಟೇ ಬಂದವು. ನಮ್ಮ ಹಸಿರು ಕಳ್ಳಿಪೀರಕ್ಕಿಂತ ದೊಡ್ಡವು, ಬೆನ್ನು ಇಟ್ಟಿಗೆ ಬಣ್ಣ, ಕತ್ತು ಹಳದಿ. ಒಂದು ಹಕ್ಕಿ ಜೇನುಹುಳ ಹಿಡಿದು ತಂದು ತಂತಿಗೆ ಬಡಿದು ಬಡಿದು, ಕೊಂಡಿ ಉಜ್ಜಿ ತೆಗೆದು ನುಂಗಿತು. ಚಂದ್ರಮುಕುಟವಂತೂ ಹೆಜ್ಜೆಗೊಂದು. ಭಾವ ಅದಕ್ಕೆ ಬೈನಾಕ್ಯುಲರ್ ಕೂಡ ಎತ್ತಲಿಲ್ಲ. "ಇದು ನಮ್ಮೂರಿಂದೇ" ಅಂದರು.

ರಸ್ತೆ ಬದಿ ಪೊದೆಯಿಂದ ನೀಲಿ ರೆಕ್ಕೆಯ, ಕಪ್ಪು ಟೊಪ್ಪಿಯ, ಉದ್ದ ಬಾಲದ ಹಕ್ಕಿಗಳ ಗುಂಪೊಂದು ಗದ್ದಲ ಮಾಡುತ್ತಾ ದಾಟಿತು. ಐಬೀರಿಯನ್ ಮ್ಯಾಗ್‌ಪೈ. ಇದರ ಕಥೆ ಮಜವಾಗಿದೆ. ಸ್ಪೇನ್, ಪೋರ್ಚುಗಲ್ ಬಿಟ್ಟರೆ ಇದರ ಹತ್ತಿರದ ನೆಂಟ ಇರುವುದು ಚೀನಾ, ಕೊರಿಯಾ, ಜಪಾನ್ ಕಡೆ. ನಡುವೆ ಸಾವಿರಾರು ಮೈಲಿ ಖಾಲಿ. ಪೋರ್ಚುಗೀಸ್ ನಾವಿಕರು ಪಂಜರದಲ್ಲಿಟ್ಟು ತಂದಿರಬೇಕು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಜಿಬ್ರಾಲ್ಟರ್ ಗುಹೆಗಳಲ್ಲಿ ಹಿಮಯುಗ ಕಾಲದ ಇದೇ ಹಕ್ಕಿಯ ಮೂಳೆ ಸಿಕ್ಕಿತು. ಅಲ್ಲಿಗೆ ನಾವಿಕರ ಕಥೆ ಮುಗಿಯಿತು. ನಡುವಿನ ನೆಂಟರೆಲ್ಲ ಯಾವತ್ತೋ ಅಳಿದು, ಎರಡು ತುದಿ ಮಾತ್ರ ಉಳಿದಿವೆ.

ತೊರ್ರೆಹೋನ್ ಎಲ್ ರೂಬಿಯೊ ಊರು ದಾಟಿ ಸ್ವಲ್ಪ ದೂರಕ್ಕೆ ಬೆಟ್ಟ ಶುರು. ತಿರುವು ಮುಗಿಯುತ್ತಲೇ ಎದುರಿಗೆ ಪೆನ್ಯಾ ಫಾಲ್ಕೊನ್ ಬಂಡೆ ಎದ್ದು ನಿಂತಿತು. ಕೆಳಗೆ ತಾಹೊ ನದಿ, ಅಣೆಕಟ್ಟಿನಿಂದಾಗಿ ನಿಂತ ನೀರು. ಇಲ್ಲಿಗೆ ಸಾಲ್ತೊ ದೆಲ್ ಹಿತಾನೊ, ಜಿಪ್ಸಿ ಹಾರಿದ ಜಾಗ ಅನ್ನುತ್ತಾರೆ. ಪೊಲೀಸರು ಅಟ್ಟಿಸಿಕೊಂಡು ಬಂದಾಗ ಜಿಪ್ಸಿ ಕಳ್ಳನೊಬ್ಬ ಈ ದಡದಿಂದ ಆ ದಡಕ್ಕೆ ಜಿಗಿದನಂತೆ. ನದಿಯ ಅಗಲ ನೋಡಿದರೆ ನಂಬುವ ಮಾತಲ್ಲ. ಕಾರು ನಿಲ್ಲಿಸುವ ಜಾಗದ ಎದುರೇ ಬಂಡೆ. ಟೆಲಿಸ್ಕೋಪ್ ಹಿಡಿದವರು ಆಗಲೇ ಸಾಲಾಗಿ ನಿಂತಿದ್ದರು.

ಒಂಬತ್ತು ಗಂಟೆ. ಗ್ರಿಫನ್‌ಗಳು ಬಂಡೆಯ ಅಂಚುಗಳಲ್ಲಿ, ಮೊದಲ ಬಸ್ಸಿಗೆ ಕಾಯುವ ಜನರ ಥರ, ಹೆಗಲು ಮುದುರಿ ಕೂತಿದ್ದವು. ಎಂಟೊಂಬತ್ತು ಕಿಲೋ ತೂಗುವ ಹಕ್ಕಿ, ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರ್. ಅಷ್ಟು ಭಾರವನ್ನು ರೆಕ್ಕೆ ಬಡಿದು ಎತ್ತುವುದು ಅದಕ್ಕೆ ಗಿಟ್ಟುವುದಿಲ್ಲ. ಬಿಸಿಲಿಗೆ ಬಂಡೆ ಕಾದು, ಬಿಸಿಗಾಳಿ ಮೇಲೇಳುವವರೆಗೆ ಸುಮ್ನೆ ಕೂತಿರುತ್ತದೆ. ಒಂಬತ್ತೂವರೆ ದಾಟಿದ ಮೇಲೆ ಒಂದು ಜಾರಿಕೊಂಡಿತು. ಒಂದು ಸುತ್ತು, ಎರಡು ಸುತ್ತು. ಅದು ಮೇಲಕ್ಕೆ ಏರಿದ್ದು ಕಂಡು ಮಿಕ್ಕವೂ ಒಂದೊಂದಾಗಿ ಬಿಟ್ಟುಕೊಂಡವು. ಕಾಲು ಗಂಟೆಯಲ್ಲಿ ಬಂಡೆಯ ಮೇಲಿನ ಆಕಾಶ ತುಂಬಿಹೋಯಿತು.

ಭಾವ ನೋಟ್‌ಬುಕ್ ತೆಗೆದು ಎಣಿಸಲು ಶುರು ಮಾಡಿದರು. ಐವತ್ತಾದ ಮೇಲೆ ಪೆನ್ನು ಜೇಬಿಗೆ ಹಾಕಿಕೊಂಡರು.

ಆ ಗುಂಪಿನ ನಡುವೆ ಬೇರೆಯವೂ ಇದ್ದವು. ಬಿಳಿ ಮೈಯ, ಹಳದಿ ಮುಖದ ಈಜಿಪ್ಷಿಯನ್ ರಣಹದ್ದು, ಚಳಿಗಾಲ ಸಹಾರಾ ಆಚೆ ಕಳೆದು ಬಂದದ್ದು. ರಾಮನಗರದಲ್ಲೂ ಇದು ಇದೆ, ಭಾವನಿಗೆ ಹಳೇ ಪರಿಚಯ. ಬಂಡೆಯ ಕೆಳ ಅಂಚಿನಲ್ಲಿ ಕಪ್ಪು ಕೊಕ್ಕರೆಯ ಗೂಡು. ಊರಿನ ಬಿಳಿ ಕೊಕ್ಕರೆ ಮನುಷ್ಯರ ಮನೆ ಮೇಲೆ ಕೂತರೆ, ಈ ಕರಿಯಣ್ಣ ಮನುಷ್ಯರ ಸಹವಾಸವೇ ಬೇಡ ಅಂತ ನದಿಯಾಚೆ ಸೇರಿದ್ದಾನೆ. ಪಕ್ಕದಲ್ಲಿದ್ದ ವಯಸ್ಸಾದ ದಂಪತಿ ಭಾವನನ್ನು ಕರೆದು ತಮ್ಮ ಟೆಲಿಸ್ಕೋಪ್‌ನಲ್ಲಿ ಅದನ್ನು ತೋರಿಸಿದರು. ಕಪ್ಪು ಕತ್ತಿನ ಮೇಲೆ ಹಸಿರು, ನೇರಳೆ ಮಿಂಚುತ್ತಿತ್ತು. ಅಷ್ಟರಲ್ಲಿ ಅಕ್ಕ ಆ ಅಜ್ಜಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಇವಳಿಗೆ ಸ್ಪ್ಯಾನಿಷ್ ಬರೋಲ್ಲ, ಅವರಿಗೆ ಕನ್ನಡ ಬರೋಲ್ಲ. ಮೊಮ್ಮಕ್ಕಳ ಫೋಟೋ ತನಕ ಮಾತು ಹೋಯಿತು.

ಅಲ್ಲಿಂದ ಬೆಟ್ಟದ ಮೇಲಿನ ಕೋಟೆಗೆ. ಅರಬ್ಬರ ಕಾಲದ ಕೋಟೆ, ಈಗ ಗೋಪುರವೊಂದು ನಿಂತಿದೆ, ಪಕ್ಕದಲ್ಲಿ ಮೇರಿಯ ಗುಡಿ. ಮೆಟ್ಟಿಲ ದಾರಿಯಲ್ಲಿ ಹಾರಾ ಗಿಡಗಳು ಹೂ ಬಿಟ್ಟಿದ್ದವು. ಅಂಗೈ ಅಗಲದ ಬಿಳಿ ಹೂ, ಒಂದೊಂದು ದಳದ ಬುಡದಲ್ಲಿ ಕಡುಗೆಂಪು ಚುಕ್ಕೆ. ಎಲೆ ಮುಟ್ಟಿದರೆ ಬೆರಳು ಅಂಟುತ್ತದೆ, ಗೋಂದಿನ ಹಾಗೆ ಸುಲಭಕ್ಕೆ ಹೋಗುವುದಿಲ್ಲ. ಆ ಅಂಟನ್ನು ಸುಗಂಧ ಮಾಡುವವರು ಬಳಸುತ್ತಾರೆ. ಊಟದ ಹೊತ್ತಿಗೂ ನನ್ನ ಕೈಯಲ್ಲಿ ಆ ವಾಸನೆ ಇತ್ತು.

ಕೋಟೆಯ ಮಹಿಮೆ ಗೊತ್ತಾಗುವುದು ಮೇಲೆ ಹೋದ ಮೇಲೆ. ರಣಹದ್ದನ್ನು ನಾವು ಯಾವಾಗಲೂ ಕೆಳಗಿನಿಂದ ನೋಡುತ್ತೇವೆ, ಕಪ್ಪು ನೆರಳಿನ ಥರ. ಇಲ್ಲಿ ಅದು ನಮಗಿಂತ ಕೆಳಗೆ ಹಾರುತ್ತದೆ. ಬೆನ್ನು ಕಾಣುತ್ತದೆ. ಬೆನ್ನು ಕಪ್ಪಲ್ಲ, ಒಣಹುಲ್ಲಿನ ಬಣ್ಣ. ಒಂದು ಗ್ರಿಫನ್ ಗೋಡೆಯ ಮಟ್ಟಕ್ಕೆ ಏರಿ, ಎಂಟು ಹತ್ತು ಅಡಿ ದೂರದಲ್ಲಿ ಹಾದುಹೋಯಿತು. ಕತ್ತಿನ ಸುತ್ತ ಬಿಳಿ ತುಪ್ಪಳದ ಪಟ್ಟಿ. ರೆಕ್ಕೆ ತುದಿಯ ಗರಿಗಳು ಬೆರಳಿನ ಹಾಗೆ ಬಿಡಿಬಿಡಿ, ಒಂದು ಗರಿ ಅರ್ಧ ಮುರಿದಿತ್ತು. ಕಣ್ಣು ನಮ್ಮ ಕಡೆ ಒಮ್ಮೆ ತಿರುಗಿತು. ಗರಿಯ ಸಂದಿನಲ್ಲಿ ಗಾಳಿ ಹರಿಯುವ ಶಬ್ದ ಕೇಳಿಸಿತು, ಬಟ್ಟೆ ಎಳೆದ ಹಾಗೆ ಸರ್ರನೆ. ಅಕ್ಕ "ಅಯ್ಯಪ್ಪಾ" ಅಂತ ಒಂದು ಹೆಜ್ಜೆ ಹಿಂದೆ ಸರಿದಳು. ಭಾವ ಬಾಯಿಬಿಡಲಿಲ್ಲ.

ಮಧ್ಯಾಹ್ನ ಕೆಳಗೆ ಫುಯೆಂತೆ ದೆಲ್ ಫ್ರಾನ್ಸೆಸ್ ಅನ್ನುವ ಚಿಲುಮೆಯ ಹತ್ತಿರ ಊಟಕ್ಕೆ ಕೂತೆವು. ಪಕ್ಕದಲ್ಲೇ 15ನೇ ಶತಮಾನದ ಕಾರ್ಡಿನಲ್ ಸೇತುವೆ. ಅಣೆಕಟ್ಟು ತುಂಬಿದರೆ ಅದು ಮುಳುಗಿಬಿಡುತ್ತದೆ. ಪೊದೆಯಲ್ಲಿ ನೈಟಿಂಗೇಲ್ ಒಂದೇ ಸಮನೆ ಹಾಡುತ್ತಿತ್ತು, ಕಣ್ಣಿಗೆ ಮಾತ್ರ ಬೀಳಲಿಲ್ಲ. ಚಿತ್ರಾನ್ನ ತಿನ್ನುತ್ತಾ ಭಾವ ತಾವಾಗೇ ಶುರು ಮಾಡಿದರು.

"ನಾನೂ ಚುಚ್ಚಿದ್ದೀನಿ ಕಣಯ್ಯ. ಲೆಕ್ಕ ಇಲ್ಲದಷ್ಟು."

ಡೈಕ್ಲೋಫಿನಾಕ್ ವಿಷಯ. ತೊಂಬತ್ತರ ದಶಕದಲ್ಲಿ ಈ ನೋವಿನ ಔಷಧಿ ಅಗ್ಗಕ್ಕೆ ಸಿಗತೊಡಗಿತು. ಕೆಚ್ಚಲು ಬಾವು, ಕುಂಟು, ಜ್ವರ, ಎಲ್ಲಕ್ಕೂ ಅದೇ. "ಇವತ್ತು ಇಂಜೆಕ್ಷನ್ ಕೊಟ್ರೆ ನಾಳೆ ಎತ್ತು ಎದ್ದು ನಿಲ್ಲೋದು. ರೈತ ಕೈ ಮುಗಿಯೋನು. ಬೇಡ ಅಂತ ಯಾಕೆ ಅನ್ನಲಿ?" ಎದ್ದು ನಿಲ್ಲದ ದನ ಸತ್ತರೆ ಊರಾಚೆ ಎಸೆಯುತ್ತಿದ್ದರು. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಬಿಳಿ ಪುಡಿಯಾಗಿ ಕಟ್ಟಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಕಾರಣ ಯಾರಿಗೂ ತಿಳಿಯಲಿಲ್ಲ. ರೋಗ ಇರಬೇಕು ಅಂದುಕೊಂಡಿದ್ದರು. ಪಾಕಿಸ್ತಾನದಲ್ಲಿ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾದಾಗ ಗುಟ್ಟು ಬಯಲಾಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ಈ ಔಷಧಿ ಇದ್ದರೂ ಸಾಕು, ಸಂತತಿ ಕುಸಿಯುತ್ತದೆ ಅಂತ ಲೆಕ್ಕ ಹಾಕಿದ್ದಾರೆ. 2006ರಲ್ಲಿ ಭಾರತ ಪಶುಗಳಿಗೆ ಇದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ನಮ್ಮ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಹೋಗಿಯಾಗಿತ್ತು.

"ಸುತ್ತೋಲೆ ಬಂತು. ಅದರ ಬದಲು ಮೆಲಾಕ್ಸಿಕ್ಯಾಮ್ ಬಳಸಿ, ಅದ್ರಿಂದ ಹದ್ದಿಗೆ ಏನೂ ಆಗಲ್ಲ ಅಂದ್ರು. ಬಳಸಿದ್ವಿ. ಆದ್ರೆ ಅಂಗಡೀಲಿ ಮನುಷ್ಯರ ಡೈಕ್ಲೋಫಿನಾಕ್ ದೊಡ್ಡ ಬಾಟಲಿನಲ್ಲೇ ಸಿಗೋದು. ತಂದು ಚುಚ್ಚೋರು ಚುಚ್ಚಿದ್ರು."

ನನಗೆ ಆಶ್ಚರ್ಯ ಆದದ್ದು ಮುಂದಿನ ಸಂಗತಿ. ನಮ್ಮಲ್ಲಿ ಇಷ್ಟೆಲ್ಲ ಆದ ಮೇಲೆ, 2013ರಲ್ಲಿ, ಇದೇ ಸ್ಪೇನ್ ಪಶುಗಳಿಗೆ ಡೈಕ್ಲೋಫಿನಾಕ್ ಕೊಡಲು ಅನುಮತಿ ನೀಡಿತು. 2020ರಲ್ಲಿ ಕ್ಯಾಟಲೋನಿಯಾದ ಗೂಡೊಂದರಲ್ಲಿ ಕಪ್ಪು ರಣಹದ್ದಿನ ಮರಿ ಅದರಿಂದಲೇ ಸತ್ತಿದ್ದು ಪರೀಕ್ಷೆಯಲ್ಲಿ ಸಾಬೀತಾಯಿತು. ಇಲ್ಲಿ ವೈದ್ಯರ ಚೀಟಿ ಇಲ್ಲದೆ ಔಷಧಿ ಸಿಗುವುದಿಲ್ಲ, ಸತ್ತ ಪಶುವಿನ ಲೆಕ್ಕ ಇರುತ್ತದೆ, ನಮ್ಮ ಹಾಗೆ ಆಗಲ್ಲ ಅನ್ನುವುದು ಇವರ ವಾದ. ಅರ್ಧ ನಿಜ ಇರಬಹುದು. ಆದರೆ ಮೆಲಾಕ್ಸಿಕ್ಯಾಮ್ ಇರುವಾಗ ಈ ಜೂಜು ಯಾಕೆ?

"ಇವರ ಹತ್ರ ಕಳ್ಕೊಳ್ಳೋಕೆ ಇನ್ನೂ ಬೇಕಾದಷ್ಟಿದೆ, ಅದಕ್ಕೆ" ಅಂದರು ಭಾವ. ಉಪ್ಪಿನಕಾಯಿ ಕೇಳಿದರು.

ಮಧ್ಯಾಹ್ನದ ಮೇಲೆ ವಿಯಾರ್ರೆಯಾಲ್ ದೆ ಸಾನ್ ಕಾರ್ಲೋಸ್. ಉದ್ಯಾನದ ಒಳಗಿರುವ ಒಂದೇ ಹಳ್ಳಿ. 18ನೇ ಶತಮಾನದಲ್ಲಿ ದಾರಿಗಳ್ಳರ ಕಾಟ ತಪ್ಪಿಸಲು ರಾಜ ಮೂರನೇ ಕಾರ್ಲೋಸ್ ಕಟ್ಟಿಸಿದ್ದು. ಒಂದು ಬೀದಿ, ಮಾಹಿತಿ ಕೇಂದ್ರ, ಕಾಫಿ. ಅಲ್ಲಿ ನಿಂತಾಗ ನೀಲಗಿರಿ ಮರದ ಕಥೆ ಹೇಳಿದೆ, ಭಾವನಿಗೆ ಅದೂ ನಂಟಿನ ವಿಷಯವೇ. 1970ರ ದಶಕದಲ್ಲಿ ಕಾಗದದ ತಿರುಳಿಗೆ ಅಂತ ಇಲ್ಲಿನ ಹಳೇ ಓಕ್ ಕಾಡು ಸವರಿ, ಬೆಟ್ಟವನ್ನು ಮೆಟ್ಟಿಲಾಗಿ ಅಗೆದು, ನೀಲಗಿರಿ ನೆಡುತ್ತಿದ್ದರು. ಹೆಸುಸ್ ಗಾರ್ಸೋನ್ ಅನ್ನುವ ನಿಸರ್ಗ ತಜ್ಞ ಅದರ ವಿರುದ್ಧ ನಿಂತ. ಅವನ ಜೊತೆ ಇನ್ನಷ್ಟು ಜನ ಸೇರಿದರು. 1979ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು, 2007ರಲ್ಲಿ ರಾಷ್ಟ್ರೀಯ ಉದ್ಯಾನ. ನೀಲಗಿರಿಯನ್ನು ಆಮೇಲೆ ಕಿತ್ತರು. ಮೆಟ್ಟಿಲಿನ ಗುರುತು ಬೆಟ್ಟದ ಮೈಮೇಲೆ ಈಗಲೂ ಕಾಣುತ್ತದೆ. ನಮ್ಮ ರಾಜ್ಯದಲ್ಲಿ ನೀಲಗಿರಿ ನೆಡುವುದಕ್ಕೆ ನಿಷೇಧ ಬಂದದ್ದು 2017ರಲ್ಲಿ.

ಕಪ್ಪು ರಣಹದ್ದು ಉಳಿದದ್ದು ಆ ಹೋರಾಟದಿಂದಲೇ. ಗ್ರಿಫನ್ ಬಂಡೆಯ ಮೇಲೆ ಗೂಡು ಕಟ್ಟುತ್ತದೆ, ಮರ ಹೋದರೂ ಅದಕ್ಕೆ ಬಂಡೆ ಇರುತ್ತದೆ. ಕಪ್ಪು ರಣಹದ್ದು ಇಲ್ಲಿ ಓಕ್ ಮರದ ನೆತ್ತಿಯಲ್ಲೇ ಕಟ್ಟುತ್ತದೆ. ಈಗ ಮೊನ್‌ಫ್ರಾಗ್ವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜೋಡಿಗಳಿವೆ. ಜಗತ್ತಿನ ದೊಡ್ಡ ನೆಲೆಗಳಲ್ಲಿ ಇದೂ ಒಂದು.

ಸಂಜೆಯನ್ನು ಪೊರ್ತೀಯಾ ದೆಲ್ ತಿಯೇತಾರ್‌ಗೆ ಮೀಸಲಿಟ್ಟಿದ್ದೆವು. ರಸ್ತೆ ಪಕ್ಕ ನೋಟದ ಜಾಗ, ನದಿಯಾಚೆ ಬಂಡೆ ಬೆಟ್ಟ. ಇಲ್ಲಿ ಸಿಗಬೇಕಾದದ್ದು ಸ್ಪ್ಯಾನಿಷ್ ಇಂಪೀರಿಯಲ್ ಹದ್ದು. ಸ್ಪೇನ್, ಪೋರ್ಚುಗಲ್ ಬಿಟ್ಟು ಇದು ಬೇರೆಲ್ಲೂ ಮರಿ ಮಾಡುವುದಿಲ್ಲ. 1960ರ ದಶಕದಲ್ಲಿ ಸುಮಾರು ಮೂವತ್ತು ಜೋಡಿಗೆ ಇಳಿದಿತ್ತು. ವಿಷ ಇಡುತ್ತಿದ್ದರು. ರೋಗ ಬಂದು ಮೊಲಗಳೆಲ್ಲ ಸತ್ತು ಊಟವೇ ಇಲ್ಲದಂತಾಗಿತ್ತು. ಉಳಿದವು ಕರೆಂಟ್ ಕಂಬದ ಮೇಲೆ ಕೂತು ಸುಟ್ಟುಹೋಗುತ್ತಿದ್ದವು. ತಂತಿಗೆ ಹೊದಿಕೆ ಹಾಕಿದರು, ಕಂಬದ ವಿನ್ಯಾಸ ಬದಲಾಯಿಸಿದರು, ಮೊಲ ಬಿಟ್ಟರು. ಈಗ 800 ಜೋಡಿ ದಾಟಿದೆ.

ಬಹಳ ಹೊತ್ತು ಏನೂ ಆಗಲಿಲ್ಲ. ಹಕ್ಕಿ ನೋಡುವುದು ಅಂದರೆ ಬಹುಪಾಲು ಇದೇ. ಜಾಗದಿಂದ ಜಾಗಕ್ಕೆ ಓಡುವವರು ಬಂದರು, ಐದು ನಿಮಿಷ ನೋಡಿದರು, ಹೋದರು. ಅವರಿಗೆ ಏನು ಸಿಗುತ್ತದೋ ನನಗೆ ಅರ್ಥ ಆಗುವುದಿಲ್ಲ. ಮೊನ್‌ಫ್ರಾಗ್ವೆಯಲ್ಲಿ ಎಲ್ಲ ಒಂದೇ ರಸ್ತೆಯ ಮೇಲಿದೆ, ಒಂದು ಕಡೆ ಕೂತರೆ ಹಕ್ಕಿಯೇ ಬರುತ್ತದೆ. ಏಳರ ಹೊತ್ತಿಗೆ ಬೆಟ್ಟದ ಅಂಚಿನಿಂದ ಅದು ಹೊರಟಿತು. ಕಡುಕಂದು ಮೈ, ಹೆಗಲಿನ ಮೇಲೆ ಬಿಳಿ ಪಟ್ಟಿ, ಇಳಿಬಿಸಿಲಿಗೆ ಆ ಬಿಳಿ ಫಳಫಳ ಅಂದಿತು. ಹತ್ತಿರ ಸುತ್ತುತ್ತಿದ್ದ ಒಂದು ಗ್ರಿಫನ್ ಮೇಲೆ ಎರಗಿ, ಅದನ್ನು ಕಣಿವೆಯಾಚೆ ಓಡಿಸಿ, ಮರದ ಹಿಂದೆ ಮರೆಯಾಯಿತು. ಒಂದು ನಿಮಿಷ ಇದ್ದಿರಬಹುದು.

ಭಾನುವಾರ

ಬೆಳಿಗ್ಗೆ ಬೆಟ್ಟ ಬಿಟ್ಟು ತ್ರುಹೀಯೊ ಪಕ್ಕದ ಬೆಲೇನ್ ಬಯಲಿಗೆ ಹೋದೆವು. ಮರವಿಲ್ಲ, ಬರೀ ಹುಲ್ಲು, ಹಳದಿ, ನೇರಳೆ ಹೂ. ಗ್ರೇಟ್ ಬಸ್ಟರ್ಡ್ ದೂರದಲ್ಲಿ ಕಂಡಿತು. ಗಂಡು ಹೆಣ್ಣಿನೆದುರು ಮೈಗರಿ ಮಗುಚಿ ಬಿಳಿ ಉಂಡೆಯಾಗಿ ನಿಂತಿತ್ತು. ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ರಾಣೆಬೆನ್ನೂರು ಕಡೆ ನಮ್ಮ ಬಸ್ಟರ್ಡ್ ನೋಡಬೇಕು ಅಂತ ಭಾವ ತಿರುಗಿದ್ದರು, ಸಿಕ್ಕಿರಲಿಲ್ಲ. ದೂರ ಜಾಸ್ತಿ ಇತ್ತು, ಬಿಸಿಲಿಗೆ ಗಾಳಿ ಕುಣಿಯುತ್ತಿತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಣ್ಣುದಾರಿಯಲ್ಲಿ ವಾಪಸ್ ಬರುವಾಗ ಬೇಲಿಯಾಚೆ ಇಳಿಜಾರಲ್ಲಿ ರಣಹದ್ದುಗಳು ಇಳಿಯುತ್ತಿದ್ದವು. ಸತ್ತ ಕುರಿ. ಇಂಜಿನ್ ಆಫ್ ಮಾಡಿ ನಿಂತೆವು. ಇಪ್ಪತ್ತು ಮೂವತ್ತು ಗ್ರಿಫನ್, ಒಂದರ ಮೇಲೊಂದು ಹತ್ತಿ, ಕಿರುಚಿ, ಕಚ್ಚಾಡುತ್ತಿದ್ದವು. ಅಷ್ಟರಲ್ಲಿ ಒಂದು ಕಪ್ಪು ರಣಹದ್ದು ಬಂದು ಪಕ್ಕದಲ್ಲಿ ಇಳಿದು, ಕತ್ತು ತಗ್ಗಿಸಿ ನಾಲ್ಕು ಹೆಜ್ಜೆ ನಡೆಯಿತು. ಗ್ರಿಫನ್‌ಗಳು ಜಾಗ ಬಿಟ್ಟವು. ಅದು ಮೆತ್ತಗಿನ ಮಾಂಸ ಬಿಟ್ಟು ಚರ್ಮ, ಸ್ನಾಯು ಹರಿಯತೊಡಗಿತು. ಅದರ ಕೊಕ್ಕು ಇರುವುದೇ ಆ ಕೆಲಸಕ್ಕೆ.

"ಕಿಟಕಿ ಏರಿಸ್ರೀ, ವಾಸನೆ" ಅಂದಳು ಅಕ್ಕ. ಭಾವ ಏರಿಸಲಿಲ್ಲ.

ಹಿಂದಿನಿಂದ ಧೂಳೆಬ್ಬಿಸಿಕೊಂಡು ಒಂದು ಪಿಕಪ್ ಬಂತು. ಕುರಿಯ ಯಜಮಾನ. ಕಾರು ಕೆಟ್ಟಿದೆಯಾ ಅಂತ ಕೇಳಿದ. ಹಕ್ಕಿ ನೋಡ್ತಿದ್ದೀವಿ ಅಂದೆ. ಇಂಥವರನ್ನು ದಿನಾ ನೋಡುತ್ತಾನೆ, ತಲೆಯಾಡಿಸಿದ. ಭಾವ ನನ್ನ ಮೂಲಕ ಪ್ರಶ್ನೆ ಶುರು ಮಾಡಿದರು. ಮರಿ ಹಾಕುವಾಗ ಸತ್ತದ್ದಂತೆ. ಔಷಧಿ ಏನಾದರೂ ಕೊಟ್ಟಿದ್ರಾ? ಇಲ್ಲ, ಬೆಳಿಗ್ಗೆ ನೋಡಿದಾಗ ಹೋಗಿತ್ತು. ಹೀಗೆ ಬಯಲಲ್ಲಿ ಬಿಡಬಹುದಾ? ಈಗ ಬಿಡಬಹುದು, ಆಗ ಬಿಡುತ್ತಿರಲಿಲ್ಲ ಅಂದ.

ಆಗ ಅಂದರೆ ಹುಚ್ಚುಹಸು ರೋಗದ ಕಾಲ. 2001ರ ನಂತರ ಸತ್ತ ಪಶುವನ್ನು ಹೊಲದಲ್ಲಿ ಬಿಡುವ ಹಾಗಿರಲಿಲ್ಲ. ರೈತ ವಿಮೆ ಕಟ್ಟಬೇಕು, ಲಾರಿ ಬಂದು ಹೆಣ ಒಯ್ದು ಸುಡಬೇಕು. ರಣಹದ್ದಿಗೆ ಊಟ ಇಲ್ಲ, ರೈತನಿಗೆ ಖರ್ಚು. 2007ರಲ್ಲಿ ಹಸಿದ ಗ್ರಿಫನ್‌ಗಳು ನೂರರ ಲೆಕ್ಕದಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ವರೆಗೆ ಹೋಗಿ ಜನರನ್ನು ಬೆಚ್ಚಿಬೀಳಿಸಿದ್ದವು. 2011ರಲ್ಲಿ ನಿಯಮ ಸಡಿಲಿಸಿದರು. "ನನ್ನ ತಾತನ ಕಾಲದಿಂದ ಇವು ಬಿಟ್ಟಿಗೆ ಮಾಡ್ತಿದ್ದ ಕೆಲಸಕ್ಕೆ ಲಾರಿಗೆ ದುಡ್ಡು ಕೊಟ್ಟೆವು" ಅಂತ ನೆನೆಸಿಕೊಂಡು ಬೈದ.

ಈ ಮನುಷ್ಯ ಯಾಕೆ ಇಷ್ಟು ಕೇಳ್ತಾರೆ ಅಂತ ಅವನಿಗೆ ಕುತೂಹಲ. ಪಶುವೈದ್ಯರು ಅಂದೆ. ತಕ್ಷಣ ಅವನ ಮುಖ ಬದಲಾಯಿತು. ಕೊಟ್ಟಿಗೆ ಇಲ್ಲೇ ಇದೆ, ಎರಡು ನಿಮಿಷ, ಒಂದು ಕುರಿ ಕುಂಟುತ್ತಿದೆ.

ಅಕ್ಕ ಹಣೆ ಚಚ್ಚಿಕೊಂಡಳು. ಭಾವ ಆಗಲೇ ಕಾರಿನಿಂದ ಇಳಿದಿದ್ದರು.

ಕುರಿಯನ್ನು ಮಗುಚಿ ಕೂರಿಸಿ, ಮುಂಗಾಲು ಎತ್ತಿ, ಗೊರಸಿನ ಸಂದಿ ಬಿಡಿಸಿ ಮೂಗಿನ ಹತ್ತಿರ ತಂದು ಮೂಸಿದರು. "ಗೊರಸು ಕೊಳೆತಿದೆ. ಒದ್ದೆ ನೆಲ. ಮೈಲುತುತ್ತದ ನೀರಲ್ಲಿ ನಿಲ್ಲಿಸಬೇಕು, ಎಲ್ಲಾ ಕುರೀನೂ. ಒಣ ಜಾಗಕ್ಕೆ ಹಾಕು ಅನ್ನು." ಕಾಪರ್ ಸಲ್ಫೇಟ್‌ಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ ಅಂತ ನಾನು ತಡಕಾಡುವಷ್ಟರಲ್ಲಿ ಅವನೇ "ಸುಲ್ಫಾತೊ, ಸುಲ್ಫಾತೊ" ಅಂತ ಮೂಲೆಯಲ್ಲಿದ್ದ ನೀಲಿ ಡಬ್ಬ ತೋರಿಸಿದ. ಇಬ್ಬರೂ ಸೇರಿ ಗೊರಸು ಹೆರೆದರು. ಭಾವನ ಕೈ ಒಂದು ಕ್ಷಣ ತಡವರಿಸಲಿಲ್ಲ.

ಹೊರಡುವಾಗ ಅವನು ನೋಟು ತೆಗೆದ. ಭಾವ ಕೈ ಅಡ್ಡ ಹಿಡಿದು, ಸರ್ಕಾರಿ ಡಾಕ್ಟರು ಫೀಸ್ ತಗೊಳ್ಳಲ್ಲ ಅಂತ ಹೇಳು ಅಂದರು. ಹೇಳಿದೆ. ಅವನು ಒಳಗೆ ಹೋಗಿ ತೋರ್ತಾ ದೆಲ್ ಕಸಾರ್ ಅನ್ನುವ ಕುರಿಹಾಲಿನ ಚೀಸ್ ಒಂದು ಗುಂಡು ತಂದು ಕಾರಿನ ಕಿಟಕಿಯಲ್ಲಿ ತುರುಕಿದ. ಕರುವಿನ ಹೊಟ್ಟೆಯ ರೆನೆಟ್ ಹಾಕದೆ, ಕಾಡು ಗಿಡದ ಹೂವಿನಿಂದ ಹೆಪ್ಪು ಹಾಕಿ ಮಾಡುವ ಚೀಸ್ ಇದು, ಒಳಗೆ ಗಂಜಿಯ ಹಾಗೆ ಮೆತ್ತಗಿರುತ್ತದೆ. ರುಚಿ ಒಳ್ಳೇದು. ವಾಸನೆ ಮಾತ್ರ ಎ-5 ಹೆದ್ದಾರಿ ಸೇರುವಷ್ಟರಲ್ಲಿ ಕಾರು ತುಂಬಿತು. ಈ ಸಲ ಅಕ್ಕ ಕಿಟಕಿ ಇಳಿಸಿ ಅಂದಳು.